ತಿಪ್ಪೆಯ ಮೇಲಿಂದ ಕಂಡ ಕಲ್ಯಾಣ

ಅಮೆರಿಕದಿಂದ ಕನ್ನಡ ಸಾಹಿತ್ಯಕ್ಕೆ ಎರಡು ದಾರಿಗಳಿವೆ. ಒಂದು, ಅಗ್ರಹಾರದಿಂದ ಹೊರಟು ಅಮೆರಿಕ ಮುಟ್ಟಿ ಮತ್ತೆ ಅಗ್ರಹಾರಕ್ಕೇ ಬಂದು ಸೇರುವ ದಾರಿ. ಇನ್ನೊಂದು, ಹತ್ತಿ ಹೊಲದ ಗುಲಾಮರ ಗುಡಿಸಲಿಂದ ಹೊರಟು, ಹಾರ್ಲೆಮ್ಮಿನ ಓಣಿ ಹಾದು, ಮುಂಬಯಿಯ ಕೊಳೆಗೇರಿ ಹಾದು, ನಮ್ಮ ಹೊಲಗೇರಿ ಮಾದಿಗೇರಿಗೆ ಬಂದ ದಾರಿ. ಎರಡೂ ದಾರಿಗಳಲ್ಲಿ ದೇವರು ನಡೆದು ಬಂದಿದ್ದಾನೆ. ಮೊದಲ ದಾರಿಯಲ್ಲಿ ಬಂದವನ ಹೆಸರು ಅಧ್ಯಾತ್ಮ. ಎರಡನೆಯ ದಾರಿಯಲ್ಲಿ ಬಂದವನ ಹೆಸರು ಜಗಳ. ನಮ್ಮ ವಿಶ್ವವಿದ್ಯಾಲಯಗಳು ಮೊದಲನೆಯವನಿಗೆ ಪೂರ್ಣಕುಂಭ ಹಿಡಿದವು. ಎರಡನೆಯವನನ್ನ ಬಾಗಿಲಲ್ಲೇ ನಿಲ್ಲಿಸಿದವು. ನನ್ನ ತಕರಾರು ಆ ಬಾಗಿಲ ಮೇಲೆ.

ಮೊದಲ ದಾರಿಯನ್ನೇ ಮೊದಲು ನೋಡೋಣ. ಎಮರ್ಸನ್ 19ನೆಯ ಶತಮಾನದಲ್ಲೇ ಬ್ರಹ್ಮನ ಮೇಲೆ ಪದ್ಯ ಬರೆದ. ಥೋರೋ ವಾಲ್ಡನ್ ಕೊಳದ ದಡದಲ್ಲಿ ಮನೆ ಕಟ್ಟಿಕೊಂಡು ಭಗವದ್ಗೀತೆ ಓದಿದ. 1893ರಲ್ಲಿ ವಿವೇಕಾನಂದರು ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದರು. ಅಮೆರಿಕದ ಸೇಂಟ್ ಲೂಯಿಯಲ್ಲಿ ಹುಟ್ಟಿದ ಟಿ.ಎಸ್. ಎಲಿಯಟ್ 1922ರಲ್ಲಿ 'ದಿ ವೇಸ್ಟ್ ಲ್ಯಾಂಡ್' ಬರೆದು, ಅದರ ಕೊನೆಗೆ ಬೃಹದಾರಣ್ಯಕ ಉಪನಿಷತ್ತಿನ ಗುಡುಗನ್ನ ತಂದು ಕೂರಿಸಿದ. ಐದು ವರ್ಷ ಕಳೆದು ಇಂಗ್ಲೆಂಡಿನ ಚರ್ಚು ಸೇರಿಕೊಂಡ. ನಮ್ಮ ಅಡಿಗರ ತಲೆಮಾರು ಈ ಎಲಿಯಟ್ಟನ್ನ ಓದಿಕೊಂಡೇ ನವ್ಯವಾಯಿತು. ಏನಾಯಿತು ನೋಡಿ: ಉಪನಿಷತ್ತು ಹಡಗು ಹತ್ತಿ ಹೋಗಿ, ಸೂಟು ಬೂಟು ಹಾಕಿಕೊಂಡು, ಆಧುನಿಕತೆ ಅಂತ ಹೆಸರಿಟ್ಟುಕೊಂಡು ತನ್ನ ಮನೆಗೇ ವಾಪಸ್ ಬಂತು. ಜಗಲಿ ಮೇಲೆ ಕೂತಿದ್ದವರು ಎದ್ದು ನಿಂತು ಕೈಮುಗಿದರು. ಕೇರಿಯವರಿಗೆ ಬಂದವರು ಯಾರು ಅಂತಲೂ ಗೊತ್ತಾಗಲಿಲ್ಲ.

1973ರಲ್ಲಿ ಎ.ಕೆ. ರಾಮಾನುಜನ್ ಚಿಕಾಗೋದಲ್ಲಿ ಇದ್ದುಕೊಂಡು ವಚನಗಳನ್ನ ಇಂಗ್ಲಿಷಿಗೆ ತಂದರು. ಪುಸ್ತಕದ ಹೆಸರು 'ಸ್ಪೀಕಿಂಗ್ ಆಫ್ ಶಿವ'. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದರೆ ಆ ಪುಸ್ತಕದೊಳಗೆ ಅಮೆರಿಕಕ್ಕೆ ಹೋದವರು ನಾಲ್ಕೇ ಜನ: ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ. ಮಾದಾರ ಧೂಳಯ್ಯನಿಗೆ ಟಿಕೇಟು ಸಿಗಲಿಲ್ಲ. ಡೋಹರ ಕಕ್ಕಯ್ಯನಿಗೆ ಸಿಗಲಿಲ್ಲ. ಉರಿಲಿಂಗಪೆದ್ದಿಯ ಮನೆಯ ಕಾಳವ್ವೆಗೆ ಸಿಗಲಿಲ್ಲ. ಕಲ್ಯಾಣದಲ್ಲಿ ತೊಗಲು ಹದ ಮಾಡಿದವರು, ಚಪ್ಪಲಿ ಹೊಲಿದವರು ಇಲ್ಲೇ ಉಳಿದರು. ಒಬ್ಬ ಅನುವಾದಕ ನಾಲ್ಕು ಜನರನ್ನ ಆರಿಸಿಕೊಂಡರೆ ತಪ್ಪಲ್ಲ. ಆಮೇಲೆ ಬಂದ ನೂರು ಜನ ವಿದ್ವಾಂಸರು ಆ ನಾಲ್ವರೇ ಕಲ್ಯಾಣ ಅಂತ ತಿಳಿದರಲ್ಲ, ಅದು ತಪ್ಪು.

ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಅಂದರು. ನಾಡೆಲ್ಲ ಹತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳಿಗೆ ಒದೆ ಬಿದ್ದವು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಟ್ಟರು. ಒಬ್ಬ ಮಂತ್ರಿ ಸಾಹಿತ್ಯದ ಬಗ್ಗೆ ಒಂದು ಮಾತಾಡಿದ್ದಕ್ಕೆ ಕುರ್ಚಿ ಹೋದದ್ದು ನಮ್ಮ ನಾಡಲ್ಲೇ ಇರಬೇಕು. ಬೂಸಾ ಏನು ಅಂತ ಅವರಿಗೆ ಗೊತ್ತಿತ್ತು. ದನದ ಕಲಗಚ್ಚಿಗೆ ಬೂಸಾ ಕಲೆಸಿದ ಕೈಗಳ ಮಗ ಆಡಿದ ಮಾತು ಅದು.

ನಾವು ಇಂಗ್ಲಿಷ್ ಕಲಿತೆವು, ತಡವರಿಸಿಕೊಂಡಾದರೂ ಕಲಿತೆವು. ಕಲಿತಾಗ ಎರಡನೆಯ ದಾರಿ ಕಣ್ಣಿಗೆ ಬಿತ್ತು.

*

ಆ ದಾರಿ ಹೊಸದಲ್ಲ. ಬೂಸಾ ಗಲಾಟೆಗೆ ಸರಿಯಾಗಿ ನೂರು ವರ್ಷ ಮುಂಚೆ, 1873ರಲ್ಲಿ, ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನ ಅಮೆರಿಕದ ಗುಲಾಮರ ಬಿಡುಗಡೆಗೆ ದುಡಿದ ಜನರಿಗೆ ಅರ್ಪಿಸಿದರು. 1913ರಲ್ಲಿ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಓದಲು ಹೋದರು. 1946ರಲ್ಲಿ ಕರಿಯರ ನಾಯಕ ಡು ಬಾಯ್ಸ್‌ಗೆ ಕಾಗದ ಬರೆದರು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಎದ್ದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ದಲಿತ ಪ್ಯಾಂಥರ್ಸ್ ಕಟ್ಟಿದರು. ಆ ದಶಕದಲ್ಲೇ ಇಲ್ಲಿ ದಲಿತ ಸಂಘರ್ಷ ಸಮಿತಿ ಬಂತು. 1979ರ ಮಾರ್ಚಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಈ ಸರಪಳಿ ನಮ್ಮ ಗೆಳೆಯರಿಗೆಲ್ಲ ಬಾಯಿಪಾಠ. ಆದರೆ ನಾವು ಈ ದಾರಿಯಿಂದ ರಾಜಕೀಯ ತಗೊಂಡೆವು, ಘೋಷಣೆ ತಗೊಂಡೆವು, ಬಿಗಿಹಿಡಿದ ಮುಷ್ಟಿ ತಗೊಂಡೆವು. ಕರಿಯರು ಧರ್ಮದ ಜೊತೆ ಹೇಗೆ ಗುದ್ದಾಡಿದರು ಅನ್ನೋದನ್ನ ಮಾತ್ರ ಅಲ್ಲೇ ಬಿಟ್ಟು ಬಂದೆವು.

1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆ ಅಂತ ಒಂದು ಬೈಬಲ್ಲು ಅಚ್ಚು ಹಾಕಿದರು. ಮೋಶೆ ತನ್ನ ಜನರನ್ನ ಈಜಿಪ್ಟಿನ ಜೀತದಿಂದ ಬಿಡಿಸಿಕೊಂಡು ಬರುವ ಕತೆಯನ್ನ ಅದರಿಂದ ಕಿತ್ತು ಹಾಕಿದ್ದರು. ಒಡೆಯನಿಗೆ ತಗ್ಗಿ ನಡಿ ಅನ್ನೋ ಮಾತನ್ನ ಇಟ್ಟುಕೊಂಡಿದ್ದರು. ನಮ್ಮ ಪುರೋಹಿತಶಾಹಿ ಅಷ್ಟು ತೊಂದರೆಯನ್ನೂ ತಗೊಳ್ಳಲಿಲ್ಲ. ಗೌತಮ ಧರ್ಮಸೂತ್ರ ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ಲೋಹ ಹುಯ್ಯಿರಿ ಅಂತು. ಅಲ್ಲಿ ಪುಸ್ತಕ ಕತ್ತರಿಸಿ ಕೊಟ್ಟರು. ಇಲ್ಲಿ ಕಿವಿಯನ್ನೇ ಮುಚ್ಚಿದರು. ವ್ಯತ್ಯಾಸ ಇಷ್ಟೆ.

ಗುಲಾಮರು ಏನು ಮಾಡಿದರು? ಕಿತ್ತು ಹಾಕಿದ ಮೋಶೆಯನ್ನ ಹಾಡಿನಲ್ಲಿ ವಾಪಸ್ ತಂದರು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕತೆಯಲ್ಲಿ ಯೇಸುವಿನ ಧರ್ಮವೇ ಬೇರೆ, ಚಾವಟಿ ಹಿಡಿದವರ ಧರ್ಮವೇ ಬೇರೆ ಅಂತ ಎರಡು ಹೋಳು ಮಾಡಿ ಇಟ್ಟ. ಜೇಮ್ಸ್ ಬಾಲ್ಡ್ವಿನ್ ಹದಿನಾಲ್ಕನೇ ವಯಸ್ಸಿಗೆ ಹಾರ್ಲೆಮ್ಮಿನ ಚರ್ಚಿನಲ್ಲಿ ಬೋಧನೆ ಮಾಡಿದ ಹುಡುಗ. ಹದಿನೇಳಕ್ಕೆ ಬಿಟ್ಟು ಎದ್ದು ಬಂದ. 1953ರ 'ಗೋ ಟೆಲ್ ಇಟ್ ಆನ್ ದಿ ಮೌಂಟನ್' ಕಾದಂಬರಿಯಲ್ಲಿ ಆ ಚರ್ಚನ್ನ, ಅಲ್ಲಿನ ಅಪ್ಪಂದಿರ ಆಷಾಢಭೂತಿತನವನ್ನ ಬಿಚ್ಚಿಟ್ಟ. 1963ರ 'ದಿ ಫೈರ್ ನೆಕ್ಸ್ಟ್ ಟೈಮ್'ನಲ್ಲಿ ಬಿಳಿಯರ ಕ್ರೈಸ್ತ ಧರ್ಮದ ಲೆಕ್ಕ ಕೇಳಿದ. ಗುಡಿ ಬಿಟ್ಟ, ಆದರೆ ದನಿ ಬಿಡಲಿಲ್ಲ. ಅವನ ಒಂದೊಂದು ವಾಕ್ಯದ ಉಸಿರೂ ಬೋಧನೆಯ ಉಸಿರೇ.

1982ರಲ್ಲಿ ಆಲಿಸ್ ವಾಕರ್ 'ದಿ ಕಲರ್ ಪರ್ಪಲ್' ಬರೆದರು. ಸೀಲಿ ಅನ್ನೋ ಹೆಣ್ಣುಮಗಳು, ಓದು ಬರಹ ಅರೆಬರೆ, ಮೈಮೇಲೆ ಮನೆಯ ಗಂಡಸರ ಏಟಿನ ಗುರುತು, ದೇವರಿಗೆ ಕಾಗದ ಬರೀತಾ ಹೋಗ್ತಾಳೆ. ಒಂದು ದಿನ ಅವಳಿಗೆ ಹೊಳೆಯುತ್ತೆ: ತಾನು ಇಷ್ಟು ದಿನ ಕಾಗದ ಬರೆದದ್ದು ಒಬ್ಬ ಬಿಳಿ ಗಂಡಸಿಗೆ! ಅವತ್ತಿಂದ ಅವಳು ತಂಗಿಗೆ ಬರೀತಾಳೆ. ದೇವರ ವಿಳಾಸ ಬದಲಾಯಿಸಿದ ಕಾದಂಬರಿ ಅದು. 1987ರಲ್ಲಿ ಟೋನಿ ಮಾರಿಸನ್ 'ಬಿಲವೆಡ್' ಬರೆದರು. ಅದರಲ್ಲಿ ಬೇಬಿ ಸಗ್ಸ್ ಅನ್ನೋ ಮುದುಕಿಗೆ ಯಾವ ಚರ್ಚಿನ ದೀಕ್ಷೆಯೂ ಇಲ್ಲ. ಕಾಡಿನ ನಡುವಿನ ಬಯಲಲ್ಲಿ ನಿಂತು ಬಿಡುಗಡೆಯಾದ ಗುಲಾಮರಿಗೆ ಬೋಧನೆ ಮಾಡ್ತಾಳೆ. ಪಾಪ ಮಾಡಬೇಡಿ ಅನ್ನಲ್ಲ, ಸ್ವರ್ಗ ಸಿಗುತ್ತೆ ಅನ್ನಲ್ಲ. ನಿಮ್ಮ ಕೈ, ನಿಮ್ಮ ಕತ್ತು, ನಿಮ್ಮ ಮೈ, ಇದನ್ನ ಅವರು ಪ್ರೀತಿಸಲ್ಲ, ನೀವು ಪ್ರೀತಿಸಿಕೊಳ್ಳಿ ಅಂತಾಳೆ. ಮೈಲಿಗೆ ಅನ್ನಿಸಿಕೊಂಡ ಮೈಗೆ ಇದಕ್ಕಿಂತ ದೊಡ್ಡ ಮಂತ್ರ ಯಾವ ವೇದದಲ್ಲಿದೆ, ಹೇಳಿ ಸ್ವಾಮಿ.

1993ರಲ್ಲಿ ಮಾರಿಸನ್‌ಗೆ ನೊಬೆಲ್ ಬಂತು. ಆ ಮುದುಕಿಯ ಬಯಲ ಬೋಧನೆ ಸಾಹಿತ್ಯ ಅಂತ ಜಗತ್ತು ಒಪ್ಪಿತು. ಅದು ಕರಿಯರ ಜಾನಪದ, ಬೇರೆ ಪತ್ರಿಕೆಗೆ ಹಾಕಿ ಅಂತ ಯಾರೂ ಹೇಳಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

*

ಈಗ ಎರಡು ಬೆಂಕಿಗಳ ಮಾತು.

ಮೆರಿಲಿನ್ ರಾಬಿನ್ಸನ್ ಅಂತ ಅಮೆರಿಕದ ಬಿಳಿಯ ಲೇಖಕಿ. ಆಳವಾದ ಕ್ರೈಸ್ತ ನಂಬಿಕೆಯವರು. 2004ರಲ್ಲಿ ಬಂದ ಅವರ 'ಗಿಲಿಯಡ್' ಕಾದಂಬರಿಗೆ ಮರುವರ್ಷ ಪುಲಿಟ್ಜರ್ ಬಂತು. ಒಬ್ಬ ಮುದಿ ಪಾದ್ರಿ ತನ್ನ ಎಳೆ ಮಗನಿಗೆ ಬರೆದಿಡುವ ಕಾಗದದ ರೂಪದ ಕತೆ. ಕೃಪೆ, ಕ್ಷಮೆ, ಬೆಳಕು, ನೀರು. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಇದರ ಪಾಠ ಕೇಳಿದ್ದೇನೆ. ವಾರಗಟ್ಟಲೆ ಕೃಪೆ ನಡೆಯಿತು. ಆದರೆ ಕಾದಂಬರಿಯ ಅಂಚಿನಲ್ಲಿ ಇನ್ನೊಂದು ಸಂಗತಿ ಇದೆ. ಆ ಊರಲ್ಲಿ ಹಿಂದೆ ಕರಿಯರ ಒಂದು ಚರ್ಚಿತ್ತು. ಯಾರೋ ಬೆಂಕಿ ಇಟ್ಟರು. ಕರಿಯರು ಊರು ಬಿಟ್ಟು ಹೋದರು. ಪಾದ್ರಿ ಅದನ್ನ ಒಂದು ಸಣ್ಣ ಬೆಂಕಿ ಅಂತ ಹೇಳಿ ಮುಂದೆ ಹೋಗ್ತಾನೆ. ಗುಲಾಮಗಿರಿ ವಿರುದ್ಧ ಬಂದೂಕು ಹಿಡಿದವರ ಜೊತೆ ನಿಂತ ಅಜ್ಜನ ಮೊಮ್ಮಗ ಅವನು. ಅವನ ಗೆಳೆಯನ ಮಗ ಕರಿಯ ಹೆಂಡತಿ, ಮಗನನ್ನ ಕರಕೊಂಡು ಬಂದು ಬಾಳೋಕೆ ಈ ಊರಲ್ಲಿ ಜಾಗ ಇದೆಯಾ ಅಂತ ತಡಕಾಡ್ತಾನೆ. ಲೇಖಕಿ ಆ ಬೆಂಕಿಯನ್ನ ಬೇಕಂತಲೇ ಅಲ್ಲಿಟ್ಟಿದ್ದಾರೆ. ಪಾದ್ರಿಯ ಕುರುಡು ನಮಗೆ ಕಾಣಲಿ ಅಂತಲೇ ಇಟ್ಟಿದ್ದಾರೆ. ತರಗತಿಯಲ್ಲಿ ಕೈಯೆತ್ತಿ ಆ ಬೆಂಕಿಯ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ, ಅದು ಚಿಕ್ಕ ವಿವರ, ಪರೀಕ್ಷೆಗೆ ಬರಲ್ಲ.

ಈಗ 'ಸಂಸ್ಕಾರ'ಕ್ಕೆ ಬನ್ನಿ. ಅನಂತಮೂರ್ತಿಯವರ ಈ ಕಾದಂಬರಿ ಬಂದದ್ದು 1965ರಲ್ಲಿ. 1976ರಲ್ಲಿ ರಾಮಾನುಜನ್ನರ ಇಂಗ್ಲಿಷಿನಲ್ಲಿ ಅಮೆರಿಕ ಮುಟ್ಟಿತು, ಅಲ್ಲಿನ ತರಗತಿಗಳಲ್ಲಿ ಪಠ್ಯವಾಯಿತು. ನಾರಣಪ್ಪ ಸತ್ತಿದ್ದಾನೆ, ಹೆಣ ಯಾರು ಸುಡಬೇಕು? ಈ ಒಂದು ಪ್ರಶ್ನೆಗೆ ಅಗ್ರಹಾರ ಉಪವಾಸ ಕೂರುತ್ತೆ, ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾರೆ, ಮಾರುತಿಯ ಅಪ್ಪಣೆಗೆ ಕಾಯುತ್ತಾರೆ. ಕೊನೆಗೆ ಆ ಹೆಣ ಸುಡೋಕೆ ಚಂದ್ರಿಗೆ ಕೈ ಜೋಡಿಸಿದವನು ಮೀನು ಮಾರುವ ಅಹಮದ್ ಬ್ಯಾರಿ. ಆಚೆ ಹೊಲಗೇರಿಯಲ್ಲಿ ಅದೇ ಪ್ಲೇಗಿಗೆ ಜನ ಸಾಯ್ತಾರೆ. ಬೆಳ್ಳಿಯ ಹೆತ್ತವರೂ ಸಾಯ್ತಾರೆ. ಹೆಣದ ಸಮೇತ ಗುಡಿಸಲಿಗೆ ಬೆಂಕಿ ಬೀಳುತ್ತೆ. ಅಲ್ಲಿ ಯಾರ ಸಂಸ್ಕಾರದ ಪ್ರಶ್ನೆಯೂ ಇಲ್ಲ, ಯಾವ ತಾಳೆಗರಿಯೂ ಇಲ್ಲ. ಅನಂತಮೂರ್ತಿ ಕಣ್ಣು ಮುಚ್ಚಿಕೊಂಡಿರಲಿಲ್ಲ. ಆ ಬೆಂಕಿ ಇಟ್ಟು ಬರೆದವರು ಅವರೇ. ಆದರೆ ನಮ್ಮ ವಿಮರ್ಶಕರು ಅರ್ಧ ಶತಮಾನಕ್ಕೂ ಮಿಕ್ಕಿ ಪ್ರಾಣೇಶಾಚಾರ್ಯರ ಅಸ್ತಿತ್ವದ ಬಿಕ್ಕಟ್ಟನ್ನ ಅರೆದು ಅರೆದು ಚಟ್ನಿ ಮಾಡಿದ್ದಾರೆ. ಉರಿದ ಗುಡಿಸಲ ಬೂದಿಯನ್ನ ಮುಟ್ಟಿ ನೋಡಿದವರು ಎಷ್ಟು ಜನ?

ಮುಂದೆ 'ಭಾರತೀಪುರ' ಬಂತು, ಅದೂ 1973. ಜಗನ್ನಾಥ ಅನ್ನೋ ಜಮೀನ್ದಾರ ಹೊಲೆಯರ ಕೈಯಲ್ಲಿ ಸಾಲಿಗ್ರಾಮ ಮುಟ್ಟಿಸ್ತಾನೆ. ಹೆದರಿ ನಡುಗಿದ ಆ ಕೈಗಳು ಬಲವಂತಕ್ಕೆ ಮುಟ್ಟುತ್ತವೆ. ಕಾದಂಬರಿಯ ಪ್ರಶ್ನೆ ಮುಟ್ಟಿಸಿದವನ ಆತ್ಮದ್ದು. ಮುಟ್ಟಿದವರ ಮನೆಯಲ್ಲಿ ಆ ರಾತ್ರಿ ಯಾವ ದೇವರಿಗೆ ದೀಪ ಹಚ್ಚಿದರು, ಯಾವ ದೇವರನ್ನ ಬೈದರು, ಅದು ನಮ್ಮ ಸಾಹಿತ್ಯಕ್ಕೆ ಬೇಕಾಗಿರಲಿಲ್ಲ. ಅವರಿಗೂ ಒಂದು ದೇವರಿದೆ, ಆ ದೇವರ ಜೊತೆ ಅವರಿಗೂ ಒಂದು ಜಗಳ ಇದೆ ಅನ್ನೋದು ಹೊಳೆಯಲೇ ಇಲ್ಲ.

ಇದೇ ನನ್ನ ಆರೋಪ. ಧರ್ಮದ ಬಿಕ್ಕಟ್ಟು ಅನ್ನೋದು ಧರ್ಮದ ಯಜಮಾನರಿಗೆ ಮಾತ್ರ ಬರುವ ಕಾಯಿಲೆ ಅಂತ ನಮ್ಮ ವಿಮರ್ಶೆ ತೀರ್ಮಾನಿಸಿತು. ಬ್ರಾಹ್ಮಣನಿಗೆ ಅನುಮಾನ ಬಂದರೆ ಅದು ಅಧ್ಯಾತ್ಮ. ಹೊಲೆಯನಿಗೆ ಅನುಮಾನ ಬಂದರೆ ಅದು ಜಾನಪದ.

*

ಜಾನಪದ ಅಂದೆ. ಆ ಮಾತಿಗೇ ಬರೋಣ.

ನಮ್ಮ ಕಿರುಗಾವಲಿನ ಸುತ್ತಮುತ್ತ ಬಾಯಿಗೆ ಬಾಯಿ ಉಳಿದು ಬಂದ ಒಂದು ಕಾವ್ಯ ಇದೆ. ಮಂಟೇಸ್ವಾಮಿ ಕಾವ್ಯ. ಮಂಟೇದರ ಗದ್ದುಗೆ ಇರೋದು ಇದೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಹಾಡುವವರು ನೀಲಗಾರರು, ಕೈಲಿ ತಂಬೂರಿ, ಗಗ್ಗರ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ಕೇಳದ ಮನೆ ನಮ್ಮ ಸೀಮೆಯಲ್ಲಿ ಕಮ್ಮಿ. ನಮ್ಮಪ್ಪನಿಗೆ ಅಕ್ಷರ ಬರಲ್ಲ. ಆದರೆ ಧರೆಗೆ ದೊಡ್ಡವರ ಕತೆಯಲ್ಲಿ ಎಲ್ಲಿ ಯಾರು ಏನು ಅಂದರು ಅಂತ ಕೇಳಿ ನೋಡಿ, ಬೆಳಗಾಗುತ್ತೆ.

ಕತೆ ಏನು? ಬಸವಣ್ಣನ ಕಲ್ಯಾಣ ಮೆರೀತಾ ಇದೆ. ಲಕ್ಷಕ್ಕೆ ಮಿಕ್ಕಿ ಶರಣರು, ದಿನಾ ದಾಸೋಹ. ಅಲ್ಲಿಗೆ ಮಂಟೇದಯ್ಯ ಬರ್ತಾನೆ. ಕುಲಗೆಟ್ಟ ವೇಷ, ಮೈಯೆಲ್ಲ ರೋಗ, ಹತ್ತಿರ ಬಂದರೆ ನಾತ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತೆ, ನಾತ ಮಾತ್ರ ಬದಲಾಗಲ್ಲ. ಬಾಗಿಲು ಕಾಯೋರು ಹೊಡೆದು ತಿಪ್ಪೆಗೆ ನೂಕ್ತಾರೆ. ಜಾತಿ ಇಲ್ಲ ಅಂತ ಸಾರಿದ ಊರಲ್ಲಿ, ಕಾಯಕವೇ ಕೈಲಾಸ ಅಂದ ಊರಲ್ಲಿ, ಬಾಗಿಲಲ್ಲಿ ಏಟು ಬೀಳುತ್ತೆ! ಕೊನೆಗೆ ಬಸವಣ್ಣ, ನೀಲಮ್ಮ ಹುಡುಕಿಕೊಂಡು ತಿಪ್ಪೆಗೇ ಬರಬೇಕು. ಆ ನಾತವನ್ನ ಒಪ್ಪಿಕೊಂಡವರೇ ಶರಣರು. ಮೂಗು ಮುಚ್ಚಿಕೊಂಡು ಓಡಿದವರು ಬರೀ ವೇಷಧಾರಿಗಳು.

ಇದು ಎಂಥ ಕಾವ್ಯ ಯೋಚನೆ ಮಾಡಿ. ವೇದವನ್ನ ಪ್ರಶ್ನೆ ಮಾಡಿದವರು ವಚನಕಾರರು. ಆ ವಚನಕಾರರ ಕಲ್ಯಾಣವನ್ನೇ ಪರೀಕ್ಷೆಗೆ ಇಟ್ಟವರು ನೀಲಗಾರರು. ಕ್ರಾಂತಿ ಮಾಡಿದವರ ಮನೆ ಬಾಗಿಲು ಯಾರಿಗೆ ತೆರೆಯುತ್ತೆ, ಯಾರಿಗೆ ಮುಚ್ಚುತ್ತೆ ಅಂತ ತಿಪ್ಪೆ ಮೇಲೆ ಕೂತು ನೋಡಿದ ಕಾವ್ಯ ಇದು. ಡಗ್ಲಸ್ ಒಂದು ಧರ್ಮವನ್ನ ಎರಡು ಹೋಳು ಮಾಡಿದ ಹಾಗೆ, ನಮ್ಮ ತಂಬೂರಿಯವರು ಕಲ್ಯಾಣವನ್ನ ಎರಡು ಹೋಳು ಮಾಡಿದ್ದಾರೆ. ಕಲ್ಯಾಣವಾದ ಮೇಲೆ ನಮ್ಮ ಕಡೆಗೇ ಬರ್ತಾರೆ. ಕಬ್ಬಿಣ ಭಿಕ್ಷೆ ತರೋಕೆ ಸಿದ್ದಪ್ಪಾಜಿಯನ್ನ ನಮ್ಮ ಹಲಗೂರಿನ ಪಾಂಚಾಳದವರ ಮನೆಗೇ ಕಳಿಸ್ತಾರೆ. ಬೆವರಿನ, ಕುಲುಮೆಯ, ನಾತದ ಧರ್ಮ.

ಬೇಬಿ ಸಗ್ಸ್ ನಿಂತ ಆ ಬಯಲು ನಮ್ಮಲ್ಲೂ ಇತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ ನಮ್ಮ ವಿಶ್ವವಿದ್ಯಾಲಯ ಏನು ಮಾಡಿತು? ಬರೆದುಕೊಂಡಿತು, ಅಚ್ಚು ಹಾಕಿಸಿತು, ಹಿ.ಚಿ. ಬೋರಲಿಂಗಯ್ಯನವರಂಥವರು ಬೆವರು ಹರಿಸಿ ಸಂಪಾದಿಸಿದರು, ಅವರಿಗೆ ಶರಣು. ಆದರೆ ಅದು ಹೋಗಿ ಸೇರಿದ್ದು ಜಾನಪದದ ಕಪಾಟಿಗೆ. ಎಲಿಯಟ್ಟಿನ ಗುಡುಗು ಕಾವ್ಯಮೀಮಾಂಸೆ. ಮಂಟೇದಯ್ಯನ ತಿಪ್ಪೆ ಐಚ್ಛಿಕ ಪತ್ರಿಕೆ. 'ಬಿಲವೆಡ್' ಪಾಠ ಮಾಡುವ ಮೇಷ್ಟರಿಗೆ ಪಕ್ಕದ ಕೊಠಡಿಯಲ್ಲಿ ಮಂಟೇಸ್ವಾಮಿ ಪಾಠ ಆಗ್ತಿರೋದು ಗೊತ್ತಿಲ್ಲ. ಎರಡು ಕೊಠಡಿಯ ನಡುವೆ ಒಂದು ಗೋಡೆ. ಆ ಗೋಡೆಗೆ ಜಾತಿ ಇಲ್ಲ ಅಂತೀರ?

*

ಈಗ ನಮ್ಮ ಗೆಳೆಯರ ಕಡೆ ತಿರುಗುತ್ತೇನೆ. ಬೈಯಬೇಕಾದವರನ್ನ ಮಾತ್ರ ಬೈದು ಮನೆಗೆ ಹೋದರೆ ಅದು ಬಂಡಾಯ ಆಗಲ್ಲ.

ನಮ್ಮಲ್ಲಿ ಒಂದು ಗುಂಪು ಹೇಳುತ್ತೆ: ಧರ್ಮ ಅಫೀಮು, ಮಾತು ಮುಗೀತು. ಸರಿ, ನಿಮಗೆ ಮುಗೀತು. ಕೇರಿಯಲ್ಲಿ ಮುಗಿದಿಲ್ಲ. ನೀವು ಎದ್ದು ಬಂದ ಜಾಗದಲ್ಲಿ ಯಾರು ಬಂದು ಕೂತರು ನೋಡಿದ್ದೀರ? ಊರೂರಲ್ಲಿ ಮಾರಮ್ಮನ ಗುಡಿ ಜೀರ್ಣೋದ್ಧಾರ ಆಗ್ತಾ ಇದೆ. ಗೋಪುರ ಏಳುತ್ತೆ, ಹೋಮ ಆಗುತ್ತೆ, ಕೋಳಿ ಕೇಳ್ತಿದ್ದ ತಾಯಿ ಕುಂಕುಮಾರ್ಚನೆ ಕೇಳೋಕೆ ಶುರು ಮಾಡ್ತಾಳೆ. ತಮಟೆ ಬಡಿಯೋನು ಮೊದಲೂ ಆಚೆ, ಈಗಲೂ ಆಚೆ. ಚಂದಾ ಮಾತ್ರ ಅವನದೂ ಇದೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಹೆಸರಲ್ಲಿ ಜಾತಿ ನೋಡದೆ ಸಾಲಾಗಿ ಕೂತು ಬಾಡೂಟ ಉಣ್ಣುವ ಪಂಕ್ತಿಸೇವೆ ಇದೆ. ಇತ್ತೀಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯಿದೆ ಹಿಡಿದು ಅದಕ್ಕೆ ಅಡ್ಡ ನಿಂತರು. ಇದು ಬಲಿಯಲ್ಲ, ನಮ್ಮ ಊಟ ಅಂತ ಒಕ್ಕಲು ಹೇಳಬೇಕಾಯಿತು. ತಟ್ಟೆಯ ಮೇಲಿನ ಈ ದಾಳಿಯ ಬಗ್ಗೆ ಅಫೀಮಿನ ಸಿದ್ಧಾಂತ ಏನು ಹೇಳುತ್ತೆ?

ಇನ್ನೊಂದು ಗುಂಪು ಹೇಳುತ್ತೆ: ನಮ್ಮ ದೇವರು, ನಮ್ಮ ಸಂಸ್ಕೃತಿ, ಎಲ್ಲ ಚೆನ್ನ. ಎಲ್ಲ ಚೆನ್ನ ಅಲ್ಲ ಕಣ್ರಯ್ಯ. 1986ರ ಮಾರ್ಚಿಯಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯವರ ಬಟ್ಟೆ ಬಿಚ್ಚಿದರು, ಪೊಲೀಸರನ್ನೂ ಬಿಡಲಿಲ್ಲ. ಬೆತ್ತಲೆ ಓಡಬೇಕಾದ ಹೆಣ್ಣುಮಕ್ಕಳು ಯಾರ ಮನೆಯವರು? ನಮ್ಮ ಮನೆಯವರೇ. ಮಂಟೇದರ ಪರಂಪರೆಯಲ್ಲೂ ಗದ್ದುಗೆಯ ಯಜಮಾನಿಕೆ ಅರಸು ಮನೆತನದ್ದು. ತಂಬೂರಿ ಹೊತ್ತು ಊರೂರು ತಿರುಗುವ ಕಾಲು ಬಹುಪಾಲು ಕೇರಿಯದು. ಆ ಕಾವ್ಯ ಕಲ್ಯಾಣಕ್ಕೆ ಕೇಳಿದ ಪ್ರಶ್ನೆಯನ್ನ ಬೊಪ್ಪೇಗೌಡನಪುರಕ್ಕೂ ಕೇಳಬೇಕು. ಕೇಳದೆ ಹಾಡಿದರೆ ಅದು ಮನರಂಜನೆ.

ದಾರಿ ತೋರಿಸಿದ ನಮ್ಮವರು ಇಲ್ಲದೆ ಇಲ್ಲ. 1975ರಲ್ಲಿ 'ಹೊಲೆಮಾದಿಗರ ಹಾಡು' ತಂದ ಸಿದ್ಧಲಿಂಗಯ್ಯನವರೇ ಮುಂದೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಅದನ್ನ ಹಿಂದೆ ಸರಿದದ್ದು ಅಂತ ಓದುವವರು ತಪ್ಪು ಓದುತ್ತಾರೆ. ದೇವನೂರರ 'ಕುಸುಮಬಾಲೆ' 1984ರಲ್ಲಿ ಬಂತು, 'ಬಿಲವೆಡ್'ಗಿಂತ ಮೂರು ವರ್ಷ ಮುಂಚೆ. ರಾತ್ರಿ ಹೊತ್ತು ಮನೆಮನೆಯ ದೀಪದ ಜೋತಮ್ಮಗಳು ಕೂಡಿಕೊಂಡು ಮಾತಾಡ್ತವೆ. ಕೊಲೆಯಾದ ಚೆನ್ನನ ಸುದ್ದಿಯನ್ನ ಮನುಷ್ಯರು ಮುಚ್ಚಿಟ್ಟ ಊರಲ್ಲಿ ದೀಪಕ್ಕೆ ಬಾಯಿ ಬರುತ್ತೆ. ಇಲ್ಲಿ ಕೇರಿಯ ನಂಬಿಕೆ ಮೂಢನಂಬಿಕೆಯಾಗಿ ಬರಲ್ಲ, ಅಲಂಕಾರವಾಗಿಯೂ ಬರಲ್ಲ, ಸಾಕ್ಷಿಯಾಗಿ ಬರುತ್ತೆ. ಮಾರಿಸನ್ನರ ದೆವ್ವ ಮಾಡಿದ ಕೆಲಸವೂ ಇದೇ.

ಮೊದಲ ದಾರಿ ಇನ್ನೂ ಮುಚ್ಚಿಲ್ಲ ಅನ್ನೋದು ಮರೀಬೇಡಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ಕಾನೂನಿನಲ್ಲಿ ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲೂ ಅಂಥ ಮಸೂದೆ ಶಾಸನಸಭೆಯಲ್ಲಿ ಪಾಸಾಯಿತು. ಇದು ಹಿಂದೂಗಳ ಮೇಲಿನ ದಾಳಿ ಅಂತ ಇಲ್ಲಿಂದ ಹೋದವರು ಬೊಬ್ಬೆ ಹಾಕಿದರು. ಅಕ್ಟೋಬರಿನಲ್ಲಿ ರಾಜ್ಯಪಾಲ ಅದಕ್ಕೆ ಸಹಿ ಹಾಕಲಿಲ್ಲ. ಅಗ್ರಹಾರಕ್ಕೆ ವೀಸಾ ಸಿಕ್ಕಿದೆ. ಆದರೆ ಎರಡನೆಯ ದಾರಿಯವರೂ ಅಲ್ಲಿ ಬಂದಿಳಿದಿದ್ದಾರೆ. ಆಂಧ್ರದ ದಲಿತ ಕ್ರೈಸ್ತ ಮನೆತನದ ಸುಜಾತಾ ಗಿಡ್ಲ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕಂಡಕ್ಟರ್ ಕೆಲಸ ಮಾಡ್ತಾ 2017ರಲ್ಲಿ 'ಆಂಟ್ಸ್ ಅಮಾಂಗ್ ಎಲಿಫೆಂಟ್ಸ್' ತಂದರು. ಶಿಲುಬೆ ಹಿಡಿದರೂ ಜಾತಿ ಬಿಡಲಿಲ್ಲ ಅನ್ನೋ ಸತ್ಯವನ್ನ ಅಮೆರಿಕದ ಅಂಗಡಿಯಲ್ಲಿ, ಅಮೆರಿಕದ ಓದುಗರ ಮುಖಕ್ಕೆ ಹಿಡಿದರು. ಧರ್ಮ ಮತ್ತು ಇವತ್ತಿನ ಅಮೆರಿಕನ್ ಸಾಹಿತ್ಯ ಅಂತ ವಿಚಾರಸಂಕಿರಣ ಮಾಡುವವರು ಈ ಹೆಸರನ್ನೂ ಬರೆದುಕೊಳ್ಳಲಿ.

*

ಹಾಗಾದರೆ ಮತ್ತೆ ಮಾರಮ್ಮನ ಗುಡಿಗೆ ಹೋಗು ಅಂತೀಯ ಅಂತ ಗೆಳೆಯರು ಕೇಳಬಹುದು. ಇಲ್ಲ. ಅದಕ್ಕೆ ಉತ್ತರ ಬಾಬಾಸಾಹೇಬರಲ್ಲಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಹಳೆ ದೇವರುಗಳನ್ನೆಲ್ಲ ಬಿಟ್ಟರು, ಪ್ರತಿಜ್ಞೆ ಮಾಡಿ ಬಿಟ್ಟರು. ಅಲ್ಲಿಗೆ ನಿಂತರಾ? ಇಲ್ಲ. ಕೂತು ಬರೆದರು. 'ಬುದ್ಧ ಮತ್ತು ಅವನ ಧಮ್ಮ' ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂತು. ಅದನ್ನ ಪೂಜೆಗೆ ಇಟ್ಟವರಿದ್ದಾರೆ. ಸಾಹಿತ್ಯ ಅಂತ ಓದಿದವರು ಕಮ್ಮಿ. ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ? ಮುದುಕನನ್ನ, ರೋಗಿಯನ್ನ, ಹೆಣವನ್ನ, ಸನ್ಯಾಸಿಯನ್ನ ನೋಡಿ ಅಂತ ನಮಗೆ ಸ್ಕೂಲಲ್ಲಿ ಹೇಳಿಕೊಟ್ಟರು. ಅಂಬೇಡ್ಕರ್ ಅದನ್ನ ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸು ಅಲ್ಲೀತನಕ ಮುದುಕನನ್ನೇ ನೋಡಿರಲಿಲ್ಲವೇ ಅಂತ ಕೇಳಿದರು. ಅವರು ಬರೆದ ಕತೆಯಲ್ಲಿ ರೋಹಿಣಿ ಹೊಳೆಯ ನೀರಿಗೆ ಶಾಕ್ಯರಿಗೂ ಕೋಲಿಯರಿಗೂ ಜಗಳ. ಯುದ್ಧ ಬೇಡ ಅಂತ ಸಿದ್ಧಾರ್ಥ ಸಭೆಯಲ್ಲಿ ಎದ್ದು ನಿಲ್ತಾನೆ. ಅದಕ್ಕೇ ಊರು ಬಿಡಬೇಕಾಗುತ್ತೆ.

ನೀರಿನ ಜಗಳ! ಮಂಡ್ಯ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳಬೇಕೆ? ಕನ್ನಂಬಾಡಿ ನೀರು ಕೊನೇ ಭಾಗದ ಗದ್ದೆಗೆ ಬರೋ ಹೊತ್ತಿಗೆ ಎಷ್ಟು ಜನರ ಬಾಗಿಲು ತಟ್ಟಬೇಕು ಅಂತ ಮಳವಳ್ಳಿಯವರಿಗೆ ಗೊತ್ತು. 1927ರಲ್ಲಿ ಮಹಾಡದ ಚೌಡಾರ್ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದ ಮನುಷ್ಯ, ಬುದ್ಧನ ಕತೆಯೊಳಕ್ಕೆ ಹೊಳೆ ತಂದ. ಹೆಣ ಕಂಡು ಹುಟ್ಟಿದ ವೈರಾಗ್ಯವನ್ನ ನೀರಿನ ನ್ಯಾಯವಾಗಿ ಬದಲಾಯಿಸಿದ. ಸೀಲಿ ದೇವರ ವಿಳಾಸ ಬದಲಾಯಿಸಿದ ಹಾಗೆ, ಬೇಬಿ ಸಗ್ಸ್ ಬೋಧನೆಯನ್ನ ಚರ್ಚಿನಿಂದ ಬಯಲಿಗೆ ತಂದ ಹಾಗೆ, ನೀಲಗಾರರು ಕಲ್ಯಾಣವನ್ನ ತಿಪ್ಪೆಗೆ ಎಳೆದು ತಂದ ಹಾಗೆ. ಇವರು ಯಾರೂ ಧರ್ಮದ ಪುಸ್ತಕವನ್ನ ಮುಚ್ಚಿ ಅಟ್ಟಕ್ಕೆ ಎಸೆಯಲಿಲ್ಲ. ಕಸಿದುಕೊಂಡು ತಿದ್ದಿ ಬರೆದರು.

ಗೆಳೆಯರೆ, ನಮಗೆ ಉಳಿದಿರೋ ಕೆಲಸ ಇದೇ. ದೇವರನ್ನ ಬಿಡುವವರು ಬಿಡಲಿ, ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ದೇವರ ಜೊತೆ ಜಗಳವಾಡಿದ ನಾಲಗೆಯನ್ನ ಮಾತ್ರ ಪುರೋಹಿತನಿಗೂ ಕೊಡಬೇಡಿ, ಪ್ರೊಫೆಸರನಿಗೂ ಕೊಡಬೇಡಿ.

ಹಳ್ಳಿ ಶಾಲೆಯ ಮೇಷ್ಟರುಗಳೇ, ನಿಮ್ಮ ಊರಲ್ಲಿ ತಂಬೂರಿ ಹಿಡಿಯುವವರು ಇನ್ನೂ ಇದ್ದರೆ ಒಂದು ದಿನ ತರಗತಿಗೆ ಕರೆಸಿ. ಬಾಗಿಲಲ್ಲಿ ನಿಲ್ಲಿಸಬೇಡಿ, ಕುರ್ಚಿ ಹಾಕಿ. ಮಕ್ಕಳ ಕೈಲಿ ಬರೆಸಿ. ಹಾಡಿದವರ ಹೆಸರನ್ನ ಮೊದಲ ಸಾಲಿನಲ್ಲಿ ಬರೆಸಿ. ಕರುವಿಗೆ ಕಾಯಿಲೆಯಾದಾಗ, ಮಳೆ ಬಾರದಿದ್ದಾಗ ಅಜ್ಜಿಯರು ಮಾರಮ್ಮನಿಗೆ ಹಾಕುವ ಬೈಗುಳವನ್ನೂ ಬರೆಸಿ. ಅದೂ ನಮ್ಮ ಧರ್ಮಗ್ರಂಥ. ವಿದ್ಯಾರ್ಥಿಗಳೇ, ಇಂಗ್ಲಿಷ್ ಎಂ.ಎ.ನಲ್ಲಿ 'ಬಿಲವೆಡ್' ಓದುವಾಗ ಪಕ್ಕದಲ್ಲಿ ಮಂಟೇಸ್ವಾಮಿ ಕಾವ್ಯ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಪತ್ರಿಕೆಯಲ್ಲಿ ಓದಿಸಿ ಅಂತ ವಿಭಾಗದ ಬಾಗಿಲು ತಟ್ಟಿ. ಅಂಚಿನ ಬೆಂಕಿ ಪರೀಕ್ಷೆಗೆ ಬರಲ್ಲ ಅಂದರೆ, ಅದನ್ನೇ ಉತ್ತರ ಪತ್ರಿಕೆಯಲ್ಲಿ ಬರೆದು ಬನ್ನಿ.

ಕವಿಗಳೇ, ದೇವರಿಲ್ಲ ಅಂತ ಒಂದು ಸಾಲು ಬರೆಯೋದು ಸುಲಭ. ಇದ್ದಾನೆ ಅಂತ ಒಂದು ಸಾಲು ಬರೆಯೋದೂ ಸುಲಭ. ತಿಪ್ಪೆಯ ಮೇಲೆ ಕೂತವನ ಕಣ್ಣಿಗೆ ಕಲ್ಯಾಣ ಹೇಗೆ ಕಾಣುತ್ತೆ ಅಂತ ಬರೆಯೋದು ಕಷ್ಟ. ಅದನ್ನ ಬರೀರಿ. ಉಳಿದದ್ದು ಬೂಸಾ.